ಆಂಟಿಯ ಕಪ್ಪೆ ಡಬ್ಬಿ

ಐಸ್‌ಕ್ರೀಮ್ ಡಬ್ಬಿಯನ್ನು ಎಷ್ಟು ಸಲ ತೊಳೆದರೂ ತಳದಲ್ಲಿ ವೆನಿಲಾ ವಾಸನೆ ಉಳಿದೇ ಇರುತ್ತದೆ. ಕಳೆದ ಶನಿವಾರ ಬೆಳಿಗ್ಗೆ ಆ ವಾಸನೆ ನನ್ನ ಮೂಗಿಗೆ ಬಡಿದದ್ದು ಅಡುಗೆಮನೆಯಲ್ಲಲ್ಲ, ಪಕ್ಕದ ಮನೆಯ ಅಂಗಳದಲ್ಲಿ. ಆಸ್ಟ್ರೇಲಿಯಾದ ಪರ್ತ್‌ನ ಹ್ಯಾರಿಸ್‌ಡೇಲ್ ಬಡಾವಣೆಯಲ್ಲಿ ನಮ್ಮ ಪಕ್ಕಕ್ಕೆ ಹೊಸದಾಗಿ ಬಂದಿರುವ ಬೆಂಗಳೂರಿನ ಇಂಜಿನಿಯರ್, ಗಿಡಕ್ಕೆ ಹಾಕುವ ಮಣ್ಣಿನ ಚೀಲ ಎತ್ತಿದಾಗ ಅದರಡಿ ದಪ್ಪ ಕಪ್ಪೆಯೊಂದು ಕೂತಿತ್ತಂತೆ. ಅವರು ಕೂಗಿಕೊಂಡದ್ದು ಕೇಳಿ, ಕೈಗೆ ಸಿಕ್ಕಿದ ಖಾಲಿ ಡಬ್ಬಿ ಹಿಡಿದು ಓಡಿದೆ. ಅಷ್ಟರಲ್ಲಿ ಅವರು ಸಲಿಕೆ ಎತ್ತಿದ್ದರು. ಡಬ್ಬಿಯನ್ನು ಕಪ್ಪೆಯ ಮೇಲೆ ಬೋರಲು ಹಾಕಿ, ಅದರ ಮೇಲೆ ಕೈಯಿಟ್ಟು ನೆಲದ ಮೇಲೇ ಕೂತುಬಿಟ್ಟೆ.

“ಆಂಟಿ, ಕೈ ತೆಗೀರಿ. ಅದು ಕೇನ್ ಟೋಡ್, ಪಾಯ್ಸನ್ ಇರುತ್ತೆ,” ಎಂದರು.

“ಮೊದಲು ಆ ಸಲಿಕೆ ಕೆಳಗಿಡಿ,” ಎಂದೆ.

ಈ ಹೆಂಗಸಿಗೆ ತಲೆ ಕೆಟ್ಟಿದೆಯೇ ಎಂಬಂತೆ ನೋಡುತ್ತಾ ನಿಂತರು. ನನಗೋ, ಆಂಟಿ ಎಂದು ಕರೆಸಿಕೊಂಡ ಆ ಕ್ಷಣದಲ್ಲಿ ಬೇರೊಬ್ಬ ಆಂಟಿಯ ನೆನಪು. ನನ್ನ ಜಾಗದಲ್ಲಿ ಅವರಿದ್ದಿದ್ದರೆ ಸಲಿಕೆಯನ್ನೇ ಕಿತ್ತುಕೊಳ್ಳುತ್ತಿದ್ದರು…

ಆ ಆಂಟಿ, ದೇಶದ ಇನ್ನೊಂದು ತುದಿಯ ಬ್ರಿಸ್ಬೇನ್‌ನಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದರು. ಮದುವೆಯಾಗಿ ಮೈಸೂರಿನಿಂದ ಹೋದ ಹೊಸತರಲ್ಲಿ, ಬಾಡಿಗೆ ಮನೆಯ ಹಿತ್ತಿಲಲ್ಲಿ ನಿಂತಿದ್ದಾಗ ಬೇಲಿಯಾಚೆಯಿಂದ ಇಂಗಿನ ಒಗ್ಗರಣೆ ಘಂ ಎಂದಿತು. ಹಾಗೆ ಪತ್ತೆಯಾದವರು. ಅವರೂ ಮೈಸೂರಿನವರೇ. ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮುಂಚೆ ರೋಗಿಗಳಿಗೆ ಅರಿವಳಿಕೆ ಕೊಡುವ ಕಡೆ ನರ್ಸ್ ಆಗಿದ್ದು ನಿವೃತ್ತರಾಗಿದ್ದರು. ದೊಡ್ಡ ಗಂಟಲು. ಸುಮ್ಮನಿರುವುದು ಅವರ ಜಾಯಮಾನದಲ್ಲೇ ಇರಲಿಲ್ಲ. ನನ್ನ ಸಾರಿಗೆ ಹುಳಿ ಜಾಸ್ತಿ ಎಂಬುದನ್ನು ಬೇಲಿಯ ಮೇಲಿಂದ ಇಡೀ ಬೀದಿಗೆ ಕೇಳುವ ಹಾಗೆ ಹೇಳಿದ್ದರು.

ಅವರ ಹಿತ್ತಿಲಲ್ಲಿ ಒಂದು ಕೊಳವಿತ್ತು. ನಾನು ಹೋಗುವ ಹೊತ್ತಿಗೆ ತೀರಿಕೊಂಡಿದ್ದ ಅಂಕಲ್ ಸ್ವಂತ ಕೈಯಿಂದ ತೋಡಿದ ಕೊಳ. ಒಂದು ಬದಿಯಲ್ಲಿ ಗಿಡಗಂಟಿಯಿಲ್ಲದೆ, ಮರಳು ಹಾಸಿ, ಮೆಲ್ಲಗೆ ಇಳಿಜಾರು ಮಾಡಿದ್ದರು. ರೇಷ್ಮೆ ಸೀರೆಯುಟ್ಟ ಹೆಂಗಸರೂ ಜಾರದೆ ನೀರಿಗಿಳಿಯಲಿ ಎಂದು. ಗಣೇಶನ ಹಬ್ಬ ಬಂತೆಂದರೆ ಸುತ್ತಮುತ್ತಲಿನ ಕನ್ನಡದವರೆಲ್ಲ ತಮ್ಮ ಪುಟ್ಟ ಮಣ್ಣಿನ ಗಣಪತಿಗಳನ್ನು ತಂದು ಬಿಡುತ್ತಿದ್ದದ್ದು ಅಲ್ಲೇ. ಹಬ್ಬದ ಹಿಂದಿನ ಭಾನುವಾರ ನಾಲ್ಕಾರು ಜನ ಸೇರಿ ಆ ಬದಿಯಲ್ಲಿ ಚಿಗುರಿದ್ದ ಹುಲ್ಲನ್ನೆಲ್ಲ ಕಿತ್ತು, ಹೊಸ ಮರಳು ಸುರಿದು, ಆಮೇಲೆ ಉಪ್ಪಿಟ್ಟು ತಿಂದು ಹೋಗುವುದು ಪ್ರತಿ ವರ್ಷದ ರೂಢಿ. ನಾನೂ ದುಪಟ್ಟಾ ಸೊಂಟಕ್ಕೆ ಬಿಗಿದು ಹುಲ್ಲು ಕಿತ್ತಿದ್ದೇನೆ.

ಬ್ರಿಸ್ಬೇನ್ ಎಂದರೆ ಕೇನ್ ಟೋಡ್‌ಗಳ ಊರು. ಕಬ್ಬಿನ ಗದ್ದೆಯ ಹುಳು ತಿನ್ನಲಿ ಎಂದು ಯಾವ ಕಾಲದಲ್ಲೋ ಕಡಲಾಚೆಯಿಂದ ತಂದು ಬಿಟ್ಟ ಕಪ್ಪೆ ಅದು. ಆ ಹುಳುವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ತಿಂದು ಊರೂರು ಹಬ್ಬಿತು; ಈಗಲೂ ವರ್ಷವರ್ಷ ಪಶ್ಚಿಮಕ್ಕೆ, ಪರ್ತ್ ಇರುವ ಕಡೆಗೆ, ಹಬ್ಬುತ್ತಲೇ ಇದೆ. ಅದರ ಹೆಗಲ ಮೇಲೆ ವಿಷದ ಗಂಟು; ಬಾಯಿ ಹಾಕಿದ ಹಾವೋ ಹಲ್ಲಿಯೋ ನಾಯಿಯೋ ಉಳಿಯುವುದು ಕಷ್ಟ. ಹಾಗಾಗಿ ಅದನ್ನು ಕೊಲ್ಲಬೇಕು ಎಂಬುದರಲ್ಲಿ ಯಾರಿಗೂ ಜಗಳವಿಲ್ಲ. ಆದರೆ ನಮ್ಮ ಎದುರುಮನೆಯವನಿಗೆ ಅದು ಸಂಜೆಯ ಆಟವಾಗಿತ್ತು. ಒಂದು ಕೈಯಲ್ಲಿ ಬಿಯರು, ಇನ್ನೊಂದರಲ್ಲಿ ಗಾಲ್ಫ್ ಕೋಲು. ಬೆಳಿಗ್ಗೆ ವಾಕಿಂಗ್ ಹೋದರೆ ರಸ್ತೆಯ ಅಂಚಿನಲ್ಲಿ ಅರ್ಧ ಜಜ್ಜಿದ ಪ್ರಾಣಿಗಳು ಇನ್ನೂ ಕಾಲಾಡಿಸುತ್ತಾ ಬಿದ್ದಿರುತ್ತಿದ್ದವು. ನಾನು ಮುಖ ತಿರುಗಿಸಿ ದಾಟಿಹೋಗುತ್ತಿದ್ದೆ. ಆಂಟಿಗೆ ಸಿಟ್ಟು ನೆತ್ತಿಗೇರುತ್ತಿತ್ತು.

ಒಂದು ಬೇಸಿಗೆಯಲ್ಲಿ ಅವನ ನಾಯಿ ಟೋಡ್ ಒಂದಕ್ಕೆ ಬಾಯಿ ಹಾಕಿ ಸಾಯುವಂತಾಯಿತು. ವೈದ್ಯರು ಹೇಗೋ ಉಳಿಸಿದರು. ಮರುದಿನ ಅವನು ಬೀದಿಯ ಇನ್ನಿಬ್ಬರನ್ನು ಕರೆದುಕೊಂಡು ಬಂದು ಆಂಟಿಯ ಗೇಟಿನಲ್ಲಿ ನಿಂತ. ಇವೆಲ್ಲ ಹುಟ್ಟುವುದು ನಿನ್ನ ಕೊಳದಲ್ಲೇ, ಅದನ್ನು ಮುಚ್ಚಿಸು, ಇಲ್ಲದಿದ್ದರೆ ನಾನೇ ಬ್ಲೀಚ್ ತಂದು ಸುರಿಯುತ್ತೇನೆ ಎಂದ. ಆಂಟಿ ಮೊದಲು ನಾಯಿ ಹೇಗಿದೆ ಎಂದು ವಿಚಾರಿಸಿದರು. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ತಮ್ಮ ಮೈಸೂರು ಇಂಗ್ಲಿಷಿನಲ್ಲಿ ಹೇಳಿದ್ದು ಇಷ್ಟು: ಮುಂದಿನ ಬೇಸಿಗೆಯವರೆಗೆ ಸಮಯ ಕೊಡು. ಆಗಲೂ ಈ ನೀರಿನಲ್ಲಿ ಟೋಡ್ ಮೊಟ್ಟೆ ಕಂಡರೆ ನಾನೇ ಮಣ್ಣು ತರಿಸಿ ಮುಚ್ಚುತ್ತೇನೆ. ಅಲ್ಲಿಯವರೆಗೆ ನನ್ನ ಗೇಟಿನೊಳಗೆ ಕೋಲೂ ಬರಕೂಡದು, ಬ್ಲೀಚೂ ಬರಕೂಡದು.

ಅವರು ಹೋದ ಮೇಲೆ, ಯಾಕೆ ಹಾಗೆ ಮಾತು ಕೊಟ್ಟಿರಿ, ಇದು ಆಗುವ ಹೋಗುವ ಕೆಲಸವೇ ಎಂದು ಕೇಳಿದೆ.

“ಆಗ್ಲೇಬೇಕು ಕಣೇ. ನಿಮ್ಮಂಕಲ್ ತೋಡಿದ್ದು ಇದು. ಬ್ಲೀಚ್ ಹಾಕಿದ್ರೆ ಟೋಡ್ ಒಂದೇ ಸಾಯತ್ತಾ? ನಮ್ಮ ಕಪ್ಪೆಗಳೂ ಹೋಗ್ತವೆ,” ಎಂದರು.

ನಮ್ಮ ಕಪ್ಪೆಗಳು ಎಂದರೆ ಆ ನೆಲದ ಮೂಲ ಕಪ್ಪೆಗಳು. ಮಳೆ ಬಂದ ಸಂಜೆ ಕೊಳದಿಂದ ಟೊಕ್ ಟೊಕ್ ಎಂದು ಯಾರೋ ಬಾಗಿಲು ಬಡಿದ ಹಾಗೆ ಕೇಳಿಸುತ್ತಿತ್ತಲ್ಲ, ಅವು. ಅಂಕಲ್ ಹೋದ ಮೇಲೆ ಆ ಮನೆಯಲ್ಲಿ ಸಂಜೆ ಹೊತ್ತು ಕೇಳಿಸುತ್ತಿದ್ದ ಸದ್ದು ಅದೊಂದೇ ಎಂದು ಒಮ್ಮೆ ಅಂದಿದ್ದರು.

ಮರುದಿನದಿಂದಲೇ ಕೆಲಸ ಶುರುವಾಯಿತು. ಬೆಳಿಗ್ಗೆ ಕಾಫಿ ಕುಡಿದು ಕೊಳದ ಸುತ್ತ ಒಂದು ಸುತ್ತು. ಟೋಡ್‌ನ ಮೊಟ್ಟೆ ನೀರಿನಲ್ಲಿ ಉದ್ದಕ್ಕೆ ದಾರದಂತೆ ಹರಡಿರುತ್ತದೆ, ಲೋಳೆಯಲ್ಲಿ ಪೋಣಿಸಿದ ಕರಿಮಣಿ ಸರ. ನಮ್ಮ ಕಪ್ಪೆಯದು ಹಾಗಲ್ಲ, ಬಿಳಿಯ ನೊರೆ. ಸರವನ್ನು ಕೈಗವಸಿನಲ್ಲಿ ಎಳೆದು ತೆಗೆದು ಬಿಸಿಲಿಗೆ ಹರವಬೇಕು, ನೊರೆಯನ್ನು ಮುಟ್ಟಬಾರದು. ಸಂಜೆ ದೀಪ ಹಚ್ಚಿದ ಮೇಲೆ ದೊಡ್ಡ ಟೋಡ್‌ಗಳನ್ನು ಹಿಡಿದು ಐಸ್‌ಕ್ರೀಮ್ ಡಬ್ಬಿಗೆ ಹಾಕಿ, ಗ್ಯಾರೇಜಿನಲ್ಲಿದ್ದ ಹಳೆಯ ಫ್ರಿಜ್ಜಿನಲ್ಲಿಡುತ್ತಿದ್ದರು. ತಣ್ಣಗಾಗುತ್ತಾ ಆಗುತ್ತಾ ಅದು ಜಡವಾಗಿ, ಮುಟ್ಟಿದರೂ ಅಲುಗದಂತಾದ ಮೇಲೆ ಫ್ರೀಜರಿಗೆ. ನೇರವಾಗಿ ಫ್ರೀಜರಿಗೆ ಹಾಕಲು ಬಿಡುತ್ತಿರಲಿಲ್ಲ.

“ಆಪರೇಷನ್ ಥಿಯೇಟರ್‌ಗೆ ಎಚ್ಚರವಾಗಿರೋ ಪೇಷಂಟ್‌ನ ಕಳಿಸ್ತಿದ್ವಾ? ಮೊದಲು ಮಂಪರು, ಆಮೇಲೆ ನಿದ್ದೆ. ಇದೇನು ಆಸ್ಟ್ರೇಲಿಯಾಕ್ಕೆ ಬರ್ತೀನಿ ಅಂತ ವೀಸಾ ಕೇಳಿತ್ತಾ? ಹಿಡ್ಕೊಂಡ್ ಬಂದ್ರು. ಸಾಯಿಸ್ಲೇಬೇಕು, ಸಾಯಿಸೋಣ. ಚಿತ್ರಹಿಂಸೆ ಯಾಕೆ?”

ಮಾತು ಜೋರು, ಆದರೆ ಮೊದಲ ಸಲ ಡಬ್ಬಿಯನ್ನು ಫ್ರೀಜರಿನಲ್ಲಿಟ್ಟು ಬಾಗಿಲು ಹಾಕಿದ ಮೇಲೆ ಸ್ಟೂಲಿನ ಮೇಲೆ ಕೂತು ಬಹಳ ಹೊತ್ತು ಏಳಲಿಲ್ಲ. ರವೆಯಲ್ಲಿ ಹುಳು ಸಿಕ್ಕಿದರೂ ಅಂಗೈಯಲ್ಲಿ ಹಿಡಿದು ಹಿತ್ತಿಲಿಗೆ ಬಿಟ್ಟು ಬರುತ್ತಿದ್ದ ಹೆಂಗಸು ಅವರು. ನಾನು ನೀರು ತಂದುಕೊಟ್ಟೆ. ಕುಡಿದು, ಲೋಟವನ್ನು ತಾವೇ ತೊಳೆದಿಟ್ಟರು…

ಇಷ್ಟೆಲ್ಲ ಮಾಡಿದರೂ ಬೆಳಗಾದರೆ ಮತ್ತೆ ಕರಿಮಣಿ. ಆಂಟಿ ಸೋಲುತ್ತಿದ್ದರು, ಅದು ಅವರಿಗೂ ಗೊತ್ತಿತ್ತು. ಎದುರುಮನೆಯವನು ತನ್ನ ಅಂಗಳದಲ್ಲಿ ನಿಂತು ನಗುತ್ತಿದ್ದ. ಬೇಸಿಗೆ ಮುಗಿಯುತ್ತಾ ಬಂದಾಗ ಒಂದು ಬೆಳಿಗ್ಗೆ ಆಂಟಿ ಕೊಳದ ಆ ದಡದಲ್ಲಿ ನಿಂತು ನನ್ನನ್ನು ಕೂಗಿದರು. ಸರಗಳೆಲ್ಲ ಎಲ್ಲಿಂದ ಶುರುವಾಗುತ್ತವೆ ನೋಡು ಎಂದರು. ನೋಡಿದೆ. ಗಿಡ ಬೆಳೆದಿದ್ದ ಮೂರು ಬದಿಯಲ್ಲಿ ಒಂದೂ ಇರಲಿಲ್ಲ. ಎಲ್ಲವೂ ಗಣಪತಿ ಬಿಡುವ ಆ ಇಳಿಜಾರಿನ ಅಂಚಿನಲ್ಲೇ.

ಆ ಟೋಡ್‌ಗೆ ಹುಲ್ಲು, ಪೊದೆ, ಕಡಿದಾದ ದಡ ಯಾವುದೂ ಆಗಿಬರುವುದಿಲ್ಲ. ಬೋಳು ನೆಲ ಬೇಕು, ಮೆಲ್ಲನೆ ಇಳಿಯುವ ದಾರಿ ಬೇಕು. ನಾವು ವರ್ಷವರ್ಷವೂ ಅದರ ಮೊಟ್ಟೆಯಿಡುವ ಕಾಲ ಶುರುವಾಗುವ ಹೊತ್ತಿಗೆ ಸರಿಯಾಗಿ, ಹುಲ್ಲು ಕಿತ್ತು, ಮರಳು ಹಾಸಿ, ಮೇಲೆ ರಂಗೋಲಿಯನ್ನೂ ಹಾಕಿ ದಾರಿ ಮಾಡಿಕೊಟ್ಟಿದ್ದೆವು. ಇಡೀ ಬ್ರಿಸ್ಬೇನ್‌ನಲ್ಲಿ ಟೋಡ್‌ಗಳನ್ನು ಇಷ್ಟು ಭಕ್ತಿಯಿಂದ ಬರಮಾಡಿಕೊಂಡವರು ನಾವೇ ಇರಬೇಕು. ಆಂಟಿ ಹಣೆ ಚಚ್ಚಿಕೊಂಡು ನಕ್ಕರು. ನಗು ನಿಂತ ಮೇಲೆ ಬಗ್ಗಿ, ಅಂಕಲ್ ಹಾಸಿದ್ದ ಮರಳನ್ನು ಒಂದು ಹಿಡಿ ಎತ್ತಿಕೊಂಡರು.

ಚಳಿಗಾಲದಲ್ಲಿ, ಎಂದರೆ ಅಲ್ಲಿಯ ಲೆಕ್ಕದಲ್ಲಿ ಜೂನ್ ಜುಲೈನಲ್ಲಿ, ಆ ಇಳಿಜಾರು ಹೋಯಿತು. ಕಲ್ಲು ನಿಲ್ಲಿಸಿ ದಡವನ್ನು ನೆಟ್ಟಗೆ ಮಾಡಿದೆವು. ಒತ್ತೊತ್ತಾಗಿ ಹುಲ್ಲುಗಿಡ ನೆಟ್ಟೆವು, ಸುತ್ತ ಮೊಣಕಾಲೆತ್ತರದ ಜಾಲರಿ ಕಟ್ಟಿದೆವು. ಗಣೇಶನ ಹಬ್ಬಕ್ಕೆ ಎಂದಿನಂತೆ ಜನ ಬಂದರು. ಗ್ಯಾರೇಜಿನಲ್ಲಿ ಸಾಲಾಗಿ ಬಕೆಟ್‌ಗಳಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ನೀರು ತುಂಬಿಸಿ ಇಟ್ಟಿದ್ದೆವು. ಹಿರಿಯರೊಬ್ಬರಿಗೆ ರೇಗಿತು. ಕಪ್ಪೆಗೆ ಹೆದರಿ ದೇವರನ್ನು ಬಕೆಟ್‌ನಲ್ಲಿ ಮುಳುಗಿಸುವುದೇ, ನಿಮ್ಮ ಯಜಮಾನರು ಇದ್ದಿದ್ದರೆ ಒಪ್ಪುತ್ತಿದ್ದರೇ ಎಂದರು.

“ಅವರಿದ್ದಿದ್ರೆ ಬಕೆಟ್ ಅವರೇ ತುಂಬಿಸ್ತಿದ್ರು. ನೀರು ನೀರೇ ರೀ. ಕರಗಿದ ಮಣ್ಣನ್ನ ದಾಸವಾಳದ ಬುಡಕ್ಕೆ ಹಾಕಿ, ಚೆನ್ನಾಗಿ ಹೂ ಬಿಡತ್ತೆ,” ಎಂದರು ಆಂಟಿ.

ಅಲ್ಲಿಗೆ ಮುಗಿಯುತ್ತಿತ್ತೇನೋ. ಅಷ್ಟರಲ್ಲಿ, ಕೋಸಂಬರಿ ಕೆಡಬಾರದೆಂದು ಒಬ್ಬಾಕೆ ಗ್ಯಾರೇಜಿನ ಫ್ರಿಜ್ ತೆರೆದರು. ನಮ್ಮ ಮನೆಗಳಲ್ಲಿ ಐಸ್‌ಕ್ರೀಮ್ ಡಬ್ಬಿಯಲ್ಲಿ ಐಸ್‌ಕ್ರೀಮ್ ಇರುವುದಿಲ್ಲ ಎಂದು ಹುಟ್ಟಿದ ಮಗುವಿಗೂ ಗೊತ್ತು. ಇಡ್ಲಿ ಹಿಟ್ಟು ಉಬ್ಬಿದೆಯೋ ಇಲ್ಲವೋ ನೋಡೋಣ ಎಂದು ಆಕೆ ಮುಚ್ಚಳ ತೆಗೆದರು. ಹಿಂದಿನ ಸಂಜೆಯ ಅತಿಥಿ ಒಳಗೆ ಜಡವಾಗಿ ಕೂತಿತ್ತು. ಆ ಕಿರುಚಾಟ ನನ್ನ ಕಿವಿಯಲ್ಲಿ ಇನ್ನೂ ಇದೆ. ಕೋಸಂಬರಿ ಬಕೆಟ್ಟಿಗೆ ಬಿತ್ತು, ಗಣಪತಿಯ ಮೇಲೆ.

ಆಮೇಲೆ ಸುದ್ದಿ ಊರೆಲ್ಲ ಸುತ್ತಿತು. ಕಪ್ಪೆಯನ್ನು ಫ್ರಿಜ್ಜಿನಲ್ಲಿಡುವ ಮನೆಯಲ್ಲಿ ಊಟ ಮಾಡುವುದು ಹೇಗೆ ಎಂದು ಕೆಲವರು ಬರುವುದನ್ನೇ ಬಿಟ್ಟರು. ನವರಾತ್ರಿಗೆ, ದೀಪಾವಳಿಗೆ ಕರೆಯುತ್ತಿದ್ದವರು ಕರೆಯಲಿಲ್ಲ. ಆಂಟಿಗೆ ನೋವಾಯಿತು, ನಾನು ಕಣ್ಣಾರೆ ಕಂಡಿದ್ದೇನೆ. ಆದರೆ ಬಗ್ಗಲಿಲ್ಲ. ಡಬ್ಬಿಯ ಮುಚ್ಚಳದ ಮೇಲೆ ದಪ್ಪ ಕನ್ನಡ ಅಕ್ಷರದಲ್ಲಿ ‘ಇಡ್ಲಿ ಹಿಟ್ಟಲ್ಲ’ ಎಂದು ಬರೆದು ಮತ್ತೆ ಅದೇ ಜಾಗದಲ್ಲಿಟ್ಟರು. ಅವರ ಪರವಾಗಿ ಜಗಳವಾಡಿ ನಾನೂ ಒಬ್ಬಿಬ್ಬರ ಮನೆಗೆ ಹೋಗುವುದನ್ನು ಬಿಟ್ಟೆ. ಇವತ್ತಿಗೂ ನನಗೆ ಬೇಸರವಿಲ್ಲ.

ಡಿಸೆಂಬರಿನ ಬೇಸಿಗೆ ಬಂತು, ಅದರ ಜೊತೆಗೇ ಮಳೆ ಬಂತು. ದಿನವೂ ಬೆಳಿಗ್ಗೆ ನಾವಿಬ್ಬರೂ ಉಸಿರು ಬಿಗಿಹಿಡಿದು ಕೊಳ ಸುತ್ತುತ್ತಿದ್ದೆವು. ಕರಿಮಣಿ ಇಲ್ಲ. ಇನ್ನೊಂದು ಮಳೆ. ಇಲ್ಲ. ಹುಲ್ಲಿನ ಬುಡದಲ್ಲಿ ಅಲ್ಲಲ್ಲಿ ಬಿಳಿಯ ನೊರೆ ಮಾತ್ರ. ಸಂಜೆಯಾದರೆ ಟೊಕ್ ಟೊಕ್. ಆಂಟಿ ಎದುರುಮನೆಯವನನ್ನು ಕೈಹಿಡಿದು ಎಳೆದುಕೊಂಡು ಬಂದು ತೋರಿಸಿದರು. ಅವನು ಬಗ್ಗಿ, ಜಾಲರಿಯಾಚೆ ಟಾರ್ಚ್ ಬಿಟ್ಟು, ಬಹಳ ಹೊತ್ತು ಹುಡುಕಿದ. ಏನೂ ಸಿಗಲಿಲ್ಲ. ಕ್ಷಮೆಯೇನೂ ಕೇಳಲಿಲ್ಲ, ಅವನ ಸ್ವಭಾವವೇ ಅದಲ್ಲ. ಹೋಗುವಾಗ ಗೇಟಿನಲ್ಲಿ ನಿಂತು, ನಿನ್ನ ಹತ್ತಿರ ಇನ್ನೊಂದು ಐಸ್‌ಕ್ರೀಮ್ ಡಬ್ಬಿ ಇದೆಯಾ ಎಂದು ಕೇಳಿದ.

ಗಂಡನ ಕೆಲಸ ಬದಲಾಗಿ ನಾವು ಪರ್ತ್‌ಗೆ ಬಂದೆವು. ಆಂಟಿ ತೀರಿಕೊಂಡ ಸುದ್ದಿಯನ್ನು ಅಡಿಲೇಡ್‌ನಲ್ಲಿರುವ ಅವರ ತಂಗಿ ಫೋನ್ ಮಾಡಿ ಹೇಳಿದರು. ಮನೆ ಕೈಬದಲಾಯಿತಂತೆ. ಹೊಸಬರು ಕೊಳ ಮುಚ್ಚಿಸಿ ಕಲ್ಲು ಹಾಸಿ ಅದರ ಮೇಲೆ ಕುರ್ಚಿ ಮೇಜು ಹಾಕಿಕೊಂಡಿದ್ದಾರಂತೆ. ಅವರ ತಪ್ಪೇನಿಲ್ಲ, ಅವರ ಮನೆ. ಆದರೂ ನನಗೆ ಕೋಪ ಬಂತು. ಇಷ್ಟು ವರ್ಷವಾದರೂ ಇಳಿದಿಲ್ಲ, ಇಳಿಯಬೇಕೆಂದೂ ನನಗಿಲ್ಲ. ಆ ಟೊಕ್ ಟೊಕ್ ಈಗ ಎಲ್ಲಿದೆಯೋ…

ಇಂಜಿನಿಯರ್ ಕೊನೆಗೂ ಸಲಿಕೆಯನ್ನು ಗೋಡೆಗೆ ಒರಗಿಸಿದರು. ನಾನು ಡಬ್ಬಿ ಎತ್ತಿದೆ. ಆಂಟಿ ಹೇಳಿಕೊಟ್ಟ ಹಾಗೆ ನೋಡಿದೆ, ಅವರಿಗೂ ತೋರಿಸಿದೆ. ಕಣ್ಣಿನ ಮೇಲೆ ಎಲುಬಿನ ಉಬ್ಬಿಲ್ಲ. ಹೆಗಲ ಮೇಲೆ ವಿಷದ ಗಂಟಿಲ್ಲ. ಚರ್ಮ ಒರಟಲ್ಲ. ಇಲ್ಲಿನ ಮಣ್ಣಿನಲ್ಲೇ ಹುಟ್ಟಿ ಮಣ್ಣಿನಲ್ಲೇ ಹುದುಗಿರುವ, ಮಳೆಗಾಲ ಬಂದಾಗ ನರಳಿದಂತೆ ಕೂಗುವ ಪಾಪದ ಕಪ್ಪೆ ಅದು. ಅವರ ಮುಖ ಸಪ್ಪಗಾಯಿತು. “ಸಾರಿ ಆಂಟಿ, ಹೊಡೆದೇಬಿಡ್ತಿದ್ದೆ,” ಎಂದರು. ಇಬ್ಬರೂ ಸೇರಿ ಅದನ್ನು ಪೊದೆಯ ಕೆಳಗೆ ಬಿಟ್ಟೆವು.

ಮನೆಗೆ ಬಂದು ಡಬ್ಬಿ ತೊಳೆದು, ಮುಚ್ಚಳದ ಮೇಲೆ ಮಾರ್ಕರಿನಲ್ಲಿ ‘ಇಡ್ಲಿ ಹಿಟ್ಟಲ್ಲ’ ಎಂದು ಬರೆದೆ. ನನ್ನ ಅಕ್ಷರ ಆಂಟಿಯಷ್ಟು ದಪ್ಪಗೆ ಬರಲಿಲ್ಲ. ಮತ್ತೊಮ್ಮೆ ತಿದ್ದುವಾಗ ಕಣ್ಣು ಮಂಜಾಯಿತು. ಮಗಳು ಬಂದು ಇಣುಕಿದಳು, ನಾನು ಎಲ್ಲ ಹೇಳಿದೆ. ಕನ್ನಡದಲ್ಲಿ ಕೇಳಿಸಿಕೊಂಡು ಎಂದಿನಂತೆ ಇಂಗ್ಲಿಷಿನಲ್ಲೇ ಉತ್ತರ ಕೊಟ್ಟಳು.

“ಬಟ್ ಅಮ್ಮಾ, ದೇರ್ ಆರ್ ನೋ ಟೋಡ್ಸ್ ಇನ್ ಪರ್ತ್.”

“ಟೋಡ್ ಇನ್ನೂ ಬಂದಿಲ್ಲ ಪುಟ್ಟಿ,” ಎಂದೆ. “ಸಲಿಕೆಗಳು ಆಗಲೇ ಬಂದ್ಬಿಟ್ಟಿವೆ.”