ಸಮೀಕ್ಷೆಗೆ ನನ್ನ ಜೊತೆ ಬಂದವರು

ದೆವ್ವ ಕಂಡೆ, ಸತ್ತವರು ಕನಸಿನಲ್ಲಿ ಬಂದು ಹೇಳಿದರು ಎಂದು ಯಾರಾದರೂ ಮಾತು ತೆಗೆದರೆ ಅವರನ್ನು ರೇಗಿಸದೆ ಬಿಟ್ಟವಳಲ್ಲ ನಾನು. ಸರ್ಕಾರಿ ಶಾಲೆಯಲ್ಲಿ ವಿಜ್ಞಾನದ ಟೀಚರು. ಸ್ಟಾಫ್‌ರೂಮಿನಲ್ಲಿ ಹುಣಿಸೆಮರದ ಮೋಹಿನಿಯ ಸುದ್ದಿ ಬಂದರೆ ಸಾಕು, ‘ಅವಳಿಗೂ ಒಂದು ಆಧಾರ್ ಕಾರ್ಡ್ ಮಾಡಿಸಿಬಿಡಿ’ ಎಂದು ನಗುತ್ತಿದ್ದೆ. ಈಗ ನಾನು ಬರೆಯುತ್ತಿರುವುದು ಬದುಕಿರುವವರೊಬ್ಬರ ವಿಷಯ, ಅದರಲ್ಲೂ ನಮ್ಮ ಮನೆಯವರ ವಿಷಯ. ಹಾಗಾಗಿ ಭಯಕ್ಕಿಂತ ನಾಚಿಕೆಯೇ ಹೆಚ್ಚು. ನೀವು ನಂಬಲೇಬೇಕೆಂಬ ಒತ್ತಾಯವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ಖಂಡಿತ ನಂಬುತ್ತಿರಲಿಲ್ಲ.

ಮನೆಮನೆ ಸಮೀಕ್ಷೆಗೆ ಶಿಕ್ಷಕರನ್ನೆಲ್ಲ ಹಾಕಿದ್ದ ಸಮಯ. ನಮ್ಮ ಮನೆ ಶಿರಾದಲ್ಲಿ. ನನ್ನ ಪಾಲಿಗೆ ಬಂದದ್ದು ಮದಲೂರು ಕೆರೆಯ ಆಚೆಗಿನ ಒಂದು ಸಣ್ಣ ಊರು. ಬಸ್ಸಿಳಿದು ಜಾಲಿಗಿಡಗಳ ನಡುವೆ ನಡೆದು ಹೋಗಬೇಕು. ಪ್ರತಿ ಮನೆಯ ಮುಂದೆ ಮೊಬೈಲ್ ತೆರೆದು, ಮನೆಯಲ್ಲಿ ಎಷ್ಟು ಜನ, ವಯಸ್ಸೆಷ್ಟು, ಏನು ಓದಿದ್ದಾರೆ, ಯಾವ ಕಸುಬು, ಯಾರು ಯಾರಿಗೆ ಏನಾಗಬೇಕು ಎಂದೆಲ್ಲ ತುಂಬಬೇಕು. ನೆಟ್‌ವರ್ಕಿಗಾಗಿ ಕಂಡವರ ಮಾಳಿಗೆ ಹತ್ತಿ ಮೊಬೈಲನ್ನು ಆಕಾಶಕ್ಕೆ ತೋರಿಸಿಕೊಂಡು ನಿಲ್ಲುವುದು ಬೇರೆ.

ಜನರಿಗೆ ತಮ್ಮ ಮನೆಯ ಜನರನ್ನೇ ಸರಿಯಾಗಿ ಎಣಿಸಿ ಹೇಳಲು ಬರುವುದಿಲ್ಲ ಎಂದು ನನಗೆ ಗೊತ್ತಾದದ್ದು ಆಗಲೇ. ಹೆಸರಿಡದ ಕೂಸನ್ನು ಬಿಟ್ಟುಬಿಡುತ್ತಾರೆ. ಬಾಣಂತನಕ್ಕೆ ಹೋದ ಸೊಸೆಯನ್ನು ಮರೆಯುತ್ತಾರೆ. ಎಂದೋ ಪಾಲಾಗಿ ಹೋದ ತಮ್ಮನ ಸಂಸಾರವನ್ನು ಸೇರಿಸಿಕೊಳ್ಳುತ್ತಾರೆ. ಇದಕ್ಕೆ ನಾನೊಂದು ಉಪಾಯ ಕಂಡುಕೊಂಡೆ. ಎಷ್ಟು ಜನ ಎಂದು ಗಂಡಸರನ್ನು ಕೇಳುವುದನ್ನೇ ಬಿಟ್ಟು, ಅಡುಗೆ ಮಾಡುವ ಹೆಂಗಸನ್ನು ಕರೆದು, ‘ರಾತ್ರಿ ಎಷ್ಟು ಮುದ್ದೆ ಕಟ್ತೀರಮ್ಮ, ಯಾರ್ಯಾರಿಗೆ?’ ಎಂದು ಕೇಳುತ್ತಿದ್ದೆ. ಅವಳು ಬೆರಳು ಮಡಿಸಿಕೊಂಡು ಹೇಳುವಾಗ ಒಬ್ಬರೂ ತಪ್ಪುತ್ತಿರಲಿಲ್ಲ, ಮೂಲೆಯಲ್ಲಿ ಮಲಗಿದ್ದ ಕಿವುಡು ಅಜ್ಜನೂ ಲೆಕ್ಕಕ್ಕೆ ಬರುತ್ತಿದ್ದ. ಈ ಉಪಾಯವನ್ನು ಮೀಟಿಂಗಿನಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದೆ.

ಇಷ್ಟು ಬುದ್ಧಿವಂತೆಯಾದ ನಾನು ನಮ್ಮ ಮನೆಯ ಸರದಿ ಬಂದಾಗ ಮಾಡಿದ್ದೇನು ಎಂಬುದನ್ನು ಹೇಳಲೇಬೇಕು. ನಮ್ಮ ಬೀದಿಯ ಸಮೀಕ್ಷೆ ಸಿಕ್ಕಿದ್ದು ನಮ್ಮ ಶಾಲೆಯ ನೂರ್ ಜಹಾನ್ ಮೇಡಂಗೆ. ಒಂದು ಭಾನುವಾರ ಸಂಜೆ ಬಂದರು. ಎಷ್ಟು ಜನ ಎಂದು ಕೇಳಿದಾಗ ನಾನು, ನನ್ನ ಗಂಡ, ಇಬ್ಬರು ಮಕ್ಕಳು, ನಾಲ್ಕು ಎಂದೆ. ಅಡುಗೆಮನೆಯಲ್ಲಿ ಟೀ ಸೋಸುವ ಸದ್ದು ಕೇಳುತ್ತಿತ್ತು.

‘ಅಚ್ಛಾ, ನಾಲ್ಕೇ ಜನಾನಾ ಮೇಡಂ? ಒಳಗೆ ಯಾರೋ ಇದ್ದಂಗಿದೆ’ ಎಂದರು ಅವರು.

‘ನಮ್ಮನೆಯವರ ಅಕ್ಕ. ಬಂದು ಹೋಗ್ತಿರ್ತಾರೆ’ ಎಂದೆ ನಾನು.

ಆ ಅಕ್ಕನ ಹೆಸರು ಗಂಗಕ್ಕ. ಪಾವಗಡದ ಕಡೆ, ನಿಡುಗಲ್ ಬೆಟ್ಟದ ಕೆಳಗಿನ ಒಂದು ಊರಿಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಂದು ಮದುವೆಯಾದ ಮೇಲೆ ಬಟ್ಟೆಗಂಟು ಹಿಡಿದುಕೊಂಡು ತಮ್ಮನ ಮನೆಗೆ ಬಂದರು. ಆಗ ತೊಟ್ಟಿಲಲ್ಲಿದ್ದ ನನ್ನ ಮಗಳು ಈಗ ಕಾಲೇಜಿಗೆ ಹೋಗುತ್ತಾಳೆ. ನಾನು ನಿಶ್ಚಿಂತೆಯಾಗಿ ನೌಕರಿ ಮಾಡಿದ್ದು ಗಂಗಕ್ಕ ಮಕ್ಕಳನ್ನು ಸಾಕಿ, ಎರಡು ಹೊತ್ತೂ ಅಡುಗೆ ಮಾಡಿ ಹಾಕಿದ್ದರಿಂದ. ನಾವೆಲ್ಲ ಉಂಡೆದ್ದ ಮೇಲೆ ಅಡುಗೆಮನೆಯಲ್ಲೇ ಕೂತು ತಾವೇ ಬಡಿಸಿಕೊಂಡು ಉಣ್ಣುತ್ತಿದ್ದರು. ಅದು ಅವರ ಅಭ್ಯಾಸ ಎಂದು ನಾವು ಅಂದುಕೊಂಡಿದ್ದೆವು.

ಹಾಗಿದ್ದೂ ಯಾಕೆ ಬಿಟ್ಟೆ? ಈ ಮನೆ ನನ್ನ ಮಾವನ ಕಾಲದ್ದು. ಅಕ್ಕ ಇಲ್ಲಿಯವಳೆಂದು ಬರೆಸಿದರೆ ನಾಳೆ ಭಾಗದ ಮಾತು ಬಂದೀತು ಎಂಬ ಪುಕ್ಕಲುತನ ನನ್ನ ಗಂಡನದು. ನನ್ನ ಕಾರಣ ಇನ್ನೂ ಸಣ್ಣದು. ಗಂಡ ಬಿಟ್ಟ ಹೆಂಗಸು ನಮ್ಮ ಮನೆಯಲ್ಲಿದ್ದಾಳೆ ಎಂದು ಸ್ಟಾಫ್‌ರೂಮಿನಲ್ಲಿ ಮಾತಾಗುವುದು ನನಗೆ ಬೇಡವಾಗಿತ್ತು. ಗಂಗಕ್ಕ ಎಂದಿನಂತೆ ಒಂದು ಕೈಯನ್ನು ಸೊಂಟದ ಮೇಲಿಟ್ಟುಕೊಂಡು ಟೀ ತಂದರು. ‘ಸಕ್ಕರೆ ಸಾಕೇನಮ್ಮ?’ ಎಂದು ನೂರ್ ಜಹಾನ್ ಅವರನ್ನು ಕೇಳಿ ಒಳಗೆ ಹೋದರು. ಅವರಿಗೆ ನನ್ನ ಮಾತು ಕೇಳಿಸಿಲ್ಲ ಎಂದು ಸಮಾಧಾನ ಮಾಡಿಕೊಂಡೆ. ಅಡುಗೆಮನೆಗೂ ಹಾಲಿಗೂ ನಡುವೆ ಇರುವುದು ಬರೀ ಒಂದು ಪರದೆ.

ಮಾರನೆಯ ದಿನ ಮದಲೂರಿನಾಚೆಯ ಆ ಊರಿಗೆ ಒಬ್ಬಳೇ ಹೋದೆ. ಮಧ್ಯಾಹ್ನದ ಹೊತ್ತಿಗೆ ಕರಿಯಮ್ಮ ಎಂಬಾಕೆಯ ಮನೆ ತಲುಪಿದೆ. ಆಕೆಯೂ ಸೊಸೆಯೂ ಜಗಲಿಯ ಮೇಲೆ ಕಡ್ಲೆಕಾಯಿ ಬಿಡಿಸುತ್ತಿದ್ದರು. ಗಂಡ, ಮಗ ಹೊಲದಲ್ಲಿದ್ದರು, ಮೊಮ್ಮಗಳು ಒಳಗೆ ನಿದ್ದೆ ಮಾಡುತ್ತಿದ್ದಳು. ಐದು ಜನ, ಐದು ಮುದ್ದೆ. ತುಂಬಿ ಕಳಿಸಿದೆ. ಉಂಡೇ ಹೋಗಬೇಕೆಂದು ಕರಿಯಮ್ಮ ಹಟ ಹಿಡಿದಳು. ಒಳಗೆ ಹೋದರೆ ಪಕ್ಕಪಕ್ಕದಲ್ಲಿ ಎರಡು ತಟ್ಟೆ ಇಟ್ಟಿದ್ದಳು.

‘ಆಯಮ್ಮನ್ನೂ ಕರೀರಿ ಮೇಡಂ. ಎಷ್ಟೊತ್ತು ಅಂತ ಹೊರ್ಗೇ ನಿಂತ್ಕಂಡಿರ್ತಾರೆ?’ ಎಂದಳು.

‘ಯಾರನ್ನ?’

‘ನಿಮ್ ಜೊತೆ ಬಂದ್ರಲ್ಲ ಅವ್ರು. ಸೊಂಟದ ಮ್ಯಾಲೆ ಕೈ ಇಟ್ಕಂಡು ಬೇವಿನ ಮರದ ತಾವ ನಿಂತವ್ರೆ. ಕರುದ್ರೆ, ಇಲ್ಲೇ ಇರ್ತೀನಿ ಅಂದ್ರು.’

ತಮಾಷೆ ಮಾಡುತ್ತಿದ್ದಾಳೆ ಎಂದು ನಕ್ಕೆ. ಮಡಕಶಿರದ ಕಡೆಯಿಂದ ಬಂದ ಸೊಸೆ ತನ್ನ ತೆಲುಗು ಬೆರೆತ ಕನ್ನಡದಲ್ಲಿ, ‘ನಾನೇ ನೀರು ಕೊಟ್ಟೆ ಕದಕ್ಕಾ, ಹಸಿರು ಸೀರೆ ಉಟ್ಕೊಂಡವ್ರೆ’ ಎಂದಳು. ನನ್ನ ನಗು ನಿಂತಿತು. ಎದ್ದು ಹೊರಗೆ ಹೋಗಿ ನೋಡಿದೆ. ಬೇವಿನ ಮರದ ಕೆಳಗಿನ ಕಲ್ಲಿನ ಮೇಲೆ ಒಂದು ಖಾಲಿ ಚೊಂಬು ಇತ್ತು. ಯಾರೂ ಇರಲಿಲ್ಲ.

ನನ್ನ ಹಿಂದೆಯೇ ಬಂದ ಕರಿಯಮ್ಮ ಮರದ ಕಡೆ ನೋಡಿ, ‘ಬಾರಮ್ಮ, ಉಣ್ಣೋ ಹೊತ್ನಾಗೆ ಹಂಗೆ ನಿಂತ್ಕಬಾರ್ದು. ಒಂದು ತುತ್ತು ಉಣ್ಣು ಬಾ’ ಎಂದು ಕರೆದಳು. ಬಾಗಿಲಲ್ಲಿ ಯಾರಿಗೋ ದಾರಿ ಬಿಡುವಂತೆ ಸರಿದು ನಿಂತು, ಆಮೇಲೆ ತಾನು ಒಳಗೆ ಬಂದಳು. ಎರಡು ತಟ್ಟೆಗೂ ಮುದ್ದೆ ಹಾಕಿ ಹುರುಳಿಕಾಳಿನ ಸಾರು ಬಿಟ್ಟಳು. ನಾನು ನನ್ನ ತಟ್ಟೆಯ ಮುಂದೆ ಕೂತೆ.

ಪಕ್ಕದಲ್ಲಿ ಯಾರಾದರೂ ಇದ್ದರೇ ಎಂದು ನೀವು ಕೇಳುತ್ತೀರಿ. ಗೊತ್ತಿಲ್ಲ. ನಾನು ಆ ಕಡೆ ತಿರುಗಲೇ ಇಲ್ಲ. ಹೆದರಿಕೆ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ತಿರುಗಿ ನೋಡಿದರೆ ಹಿಂದಿನ ಸಂಜೆಯ ನನ್ನ ಮಾತಿಗೆ ಏನಾದರೂ ಸಮಜಾಯಿಷಿ ಕೊಡಬೇಕಾಗುತ್ತದೆ ಎಂಬುದೇ ನನಗೆ ಹೆಚ್ಚು ಕಷ್ಟವಾಗಿತ್ತು. ಕತ್ತು ಬಗ್ಗಿಸಿಕೊಂಡು ಉಂಡು ಮುಗಿಸಿದೆ. ‘ಇನ್ನೊಂದು ಚೂರು ಸಾರು?’ ಎಂದು ಕರಿಯಮ್ಮ ಪಕ್ಕಕ್ಕೆ ಬಗ್ಗಿ ಕೇಳಿದ್ದು, ಸಾರು ಬಿಟ್ಟದ್ದು ಕೇಳಿಸಿತು. ಕೈ ತೊಳೆದು ಬರುವಷ್ಟರಲ್ಲಿ ಅವಳು ಎರಡೂ ತಟ್ಟೆ ಎತ್ತಿಕೊಂಡು ಹಿತ್ತಲಿಗೆ ಹೋಗಿದ್ದಳು.

ಗಂಗಕ್ಕನಿಗೆ ಏನೋ ಆಗಿಹೋಗಿದೆ ಎಂದೇ ನನಗೆ ಅನ್ನಿಸಿತು. ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಉಳಿದ ಮನೆಗಳನ್ನು ಬಿಟ್ಟು ಓಡುತ್ತಾ ಬಂದು ಬಸ್ ಹತ್ತಿದೆ; ಅವನ್ನು ಆಮೇಲೆ ಬೇರೊಬ್ಬ ಟೀಚರಿಂದ ಮಾಡಿಸಿದೆ. ಕಿಟಕಿಯ ಪಕ್ಕ ಕೂತು ನಾನು ಯೋಚಿಸಿದ್ದನ್ನು ಬರೆಯಲು ಕೈ ಬರುತ್ತಿಲ್ಲ. ಅಯ್ಯೋ ಎಂದು ಅಳು ಬರಬೇಕಿತ್ತಲ್ಲ? ಬರಲಿಲ್ಲ. ನಮ್ಮ ಮನೆಯವರಲ್ಲವೆಂದು ನಿನ್ನೆ ಹೇಳಿದ ಮೇಲೆ ಇವತ್ತು ಹೆಣವನ್ನು ನಮ್ಮ ಮನೆಯ ಮುಂದೆ ಇಟ್ಟುಕೊಂಡರೆ ನೂರ್ ಜಹಾನ್ ಏನಂದುಕೊಳ್ಳುತ್ತಾರೆ ಎಂದು ಯೋಚಿಸಿದೆ. ಶಿರಾ ಬರುವವರೆಗೂ ಅದೇ ಯೋಚನೆ.

ಗಂಗಕ್ಕ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದರು. ಹಸಿರು ಸೀರೆ ಉಟ್ಟಿದ್ದರು. ಫೋನ್ ಯಾಕೆ ಎತ್ತಲಿಲ್ಲ ಎಂದು ಕೇಳಿದ್ದಕ್ಕೆ ಪಕ್ಕದ ಮನೆಯಾಕೆ ಗೋಡೆಯಾಚೆ ಬಟ್ಟೆ ಒಣಹಾಕುತ್ತ, ‘ಮಧ್ಯಾಹ್ನದಿಂದ ಇಬ್ರೂ ಮಾತಾಡ್ಕಂಡೇ ಕೆಲ್ಸ ಮಾಡ್ತಿದೀವಿ, ಫೋನ್ ಕೇಳಿಸ್ಲೇ ಇಲ್ಲ ನೋಡಿ’ ಎಂದಳು. ‘ಊಟ ಮಾಡಿದ್ರಾ ಅಕ್ಕಾ?’ ಎಂದು ಗಂಗಕ್ಕನನ್ನು ಕೇಳಿದೆ. ಇಷ್ಟು ವರ್ಷಗಳಲ್ಲಿ ಆ ಪ್ರಶ್ನೆ ನನ್ನ ಬಾಯಿಂದ ಬಂದದ್ದು ನನಗೆ ನೆನಪಿಲ್ಲ.

‘ಯಾಕೋ ಹಸಿವೇ ಇಲ್ಲ ಕಣಮ್ಮ’ ಎಂದರು. ‘ಹುರುಳಿಕಾಳು ಉಂಡಂಗೆ ತೇಗು ಬತ್ತೈತೆ.’

ಆ ದಿನ ನಮ್ಮ ಮನೆಯಲ್ಲಿ ಮಾಡಿದ್ದು ಸೊಪ್ಪಿನ ಹುಳಿ. ಒಲೆಯ ಪಕ್ಕ ಅವರ ಪಾಲಿನದು ಮುಚ್ಚಿಟ್ಟ ಹಾಗೇ ಇತ್ತು.

ನಡೆದದ್ದನ್ನು ನಾನು ಯಾರಿಗೂ ಹೇಳಲಿಲ್ಲ, ಗಂಡನಿಗೂ ಹೇಳಲಿಲ್ಲ. ಅಕ್ಕನ ಹೆಸರು ಸೇರಿಸಲೇಬೇಕು ಎಂದಷ್ಟೇ ಹೇಳಿದೆ. ಅವರು ಸ್ವಲ್ಪ ಹೊತ್ತು ಟಿವಿ ನೋಡಿ, ‘ಸೇರ್ಸು’ ಎಂದರು. ನೂರ್ ಜಹಾನ್ ಅವರಿಗೆ ಫೋನ್ ಮಾಡಿ, ಸುಳ್ಳು ಹೇಳಿದ್ದೆ ಎಂದು ಒಪ್ಪಿಕೊಂಡೆ. ತಿದ್ದಲು ಇನ್ನೂ ಅವಕಾಶವಿದೆ ಎಂದು ಆಕೆ ಆ ಸಂಜೆಯೇ ಬಂದರು. ಗಂಗಕ್ಕನನ್ನು ಹಾಲಿಗೆ ಕರೆದು ಕುರ್ಚಿಯ ಮೇಲೆ ಕೂರಿಸಿದೆ. ಅವರು ಕುರ್ಚಿಯ ತುದಿಯಲ್ಲಿ ಕೂತರು.

‘ನಿಮ್ಮ ಪೂರ್ತಿ ಹೆಸರು ಹೇಳಿ ಅಮ್ಮ’ ಎಂದರು ನೂರ್ ಜಹಾನ್.

‘ನಂದು ಬ್ಯಾಡ ಬುಡಮ್ಮ. ನಾನಾಗ್ಲೇ ಬರಸ್ಕಂಡ್ಬುಟ್ಟೆ.’

‘ಎಲ್ಲಿ? ಪಾವಗಡದಲ್ಲಾ?’

‘ಅಲ್ಯಾಕೆ ಬರಸ್ಲಿ? ಕರ್ದು ಉಣ್ಣಕ್ಕಿಕ್ಕಿದ್ರಲ್ಲ, ಅವ್ರ ಮನೇಲಿ.’

ಸಿಟ್ಟಿನ ದನಿಯಲ್ಲ, ಚುಚ್ಚುವ ದನಿಯೂ ಅಲ್ಲ. ಹಾಲಿನವನು ಬಂದು ಹೋದ ಎಂದು ಹೇಳುವ ಹಾಗೆ ಹೇಳಿದರು. ಯಾರ ಮನೆ ಎಂದು ನೂರ್ ಜಹಾನ್ ಮತ್ತೆ ಕೇಳಿದ್ದಕ್ಕೆ ನಕ್ಕುಬಿಟ್ಟರು. ನಾವು ಎಷ್ಟು ಬೇಡಿಕೊಂಡರೂ ಹೆಸರು ಕೊಡಲಿಲ್ಲ. ನಾವು ಟೀ ಕುಡಿದಿಟ್ಟಿದ್ದ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ನನ್ನ ಗಂಡ ನನ್ನ ಮುಖ ನೋಡಿದರು. ನಾನು ನೆಲ ನೋಡುತ್ತಿದ್ದೆ.

ಈಗ ಗಂಗಕ್ಕನನ್ನು ನಾನೇ ಕರೆದು ಜೊತೆಗೆ ಕೂರಿಸಿಕೊಳ್ಳುತ್ತೇನೆ. ಬರುತ್ತಾರೆ, ಬೇರೆಯವರ ಮನೆಯಲ್ಲಿ ಕೂತಷ್ಟು ಸಂಕೋಚದಿಂದ ಉಂಡು ಏಳುತ್ತಾರೆ. ಕರಿಯಮ್ಮನ ಮನೆಯಲ್ಲಿ ಐದೇ ಜನ ಎಂದು ನನ್ನ ಕೈಯಾರೆ ತುಂಬಿ ಕಳಿಸಿದ್ದೇನೆ, ಅದರಲ್ಲಿ ಅನುಮಾನವಿಲ್ಲ. ಆದರೂ ಆ ಊರಿಗೆ ಹೋಗಿ ಅವಳನ್ನೇ ಒಂದು ಸಲ ಕೇಳಿ ಬರೋಣ ಎಂದು ಎಷ್ಟೋ ಬಾರಿ ಹೊರಟಿದ್ದೇನೆ. ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸ್ ಬಂದಿದ್ದೂ ಇದೆ. ನಿಮ್ಮ ಮನೆಯಲ್ಲಿ ಎಷ್ಟು ಜನ ಎಂದು ಕೇಳಿದಾಗ ಅವಳು ಆರು ಎಂದುಬಿಟ್ಟರೆ, ನಾನು ಯಾವ ಮುಖ ಇಟ್ಟುಕೊಂಡು ಮನೆಗೆ ಬರಲಿ?