ಟೀವಿ ಮಾರಿ ಎತ್ತಾಗಿರಬೇಕು

ನಮ್ಮ ಮನಿ ಹಳೇ ಟೀವಿ ಸತ್ತದ್ದು ಒಂದು ಮಂಗಳವಾರ ಸಂಜಿಮುಂದ, ಅತ್ತಿಯವರ ಧಾರಾವಾಹಿ ನಡದಾಗನ. ಚಿತ್ರ ಮೊದಲ ಹಸರಾತು, ಆಮ್ಯಾಲ ನಡುವ ಒಂದು ಬಿಳಿ ಗೆರಿ ಉಳೀತು, ಕಡೀಕ ಅದೂ ಹೋತು. ಅತ್ತಿಯವರು ರೊಟ್ಟಿ ಬಡಿಯೋದು ಬಿಟ್ಟು, "ಅಯ್ಯ ಶಿವನ, ಇನ್ನ ಆ ಹುಡುಗಿ ಖಬರ ಏನು?" ಅಂದ್ರು. ಧಾರಾವಾಹ್ಯಾಗಿನ ಸೊಸಿ ಆಗಷ್ಟ ಗಂಡನ ಮನಿ ಬಿಟ್ಟು ಹೊಂಟು ನಿಂತಿದ್ಲು. ಮಾವಾರಿಗೆ ಮಾತ್ರ ಖುಷಿನ ಖುಷಿ. "ಡಬ್ಬಿ ಹೋತಲ್ಲ, ಛಲೋ ಆತು. ಇನ್ನ ಗ್ವಾಡಿಗೆ ಹಚ್ಚೋದು ತರೂಣು" ಅಂದ್ರು. ಹೆಣ ಎತ್ತೂಕಿಂತ ಮೊದಲ ಯಾರರ ಹಿಂಗ ಮಾತಾಡತಾರೇನು? ನನಗ ನಗು ಬಂದಿತ್ತು, ಅತ್ತಿ ಮಾರಿ ನೋಡಿ ನುಂಗಿಕೊಂಡ್ನಿ.

ನಮ್ಮೂರು ಶಿಗ್ಲಿ. ಮನಿ ಹಳೇದು, ದಪ್ಪ ಮಣ್ಣಿನ ಗ್ವಾಡಿ. ಮುಂದ ಪಡಸಾಲಿ, ಅದಕ್ಕ ಹತ್ತಿ ಅಡಗಿಮನಿ. ಪಡಸಾಲಿ ಅಂದ್ರ ಗಂಡಸರದು, ಬಂದು ಹೋಗೋರದು. ಅಲ್ಲಿ ಮಾವಾರು ಕುಂಡ್ರೂ ಉದ್ದನ್ನ ಕಟಗಿ ಬಾಕು ಐತಿ. ಹೆಂಗಸರು ಅಲ್ಲಿ ಕಸಾ ಹೊಡೀಬಹುದು, ಒರಸಬಹುದು, ಬಂದವರಿಗೆ ಚಾ ಕೊಡಬಹುದು. ಕುಂಡ್ರೂದಿಲ್ಲ. ಹಂಗಂತ ಯಾರೂ ಕಾಯದೆ ಮಾಡಿಲ್ಲ. ಅತ್ತಿಯವರು ಮದುವ್ಯಾಗಿ ಬಂದಾಗ ಅವರ ಮಾವ, ಭಾವಂದಿರು ಎಲ್ಲಾರೂ ಅಲ್ಲಿ ಕುಂಡ್ರತಿದ್ರಂತ, ಹಂಗಾಗಿ ಇವರು ಒಳಗ ಕುಂತ್ರು. ಆ ಹಿರ್ಯಾರು ತೀರಿಹೋಗಿ ಎಷ್ಟೋ ವರ್ಷ ಆತು, ಇವರು ಇನ್ನೂ ಒಳಗ ಅದಾರ. ಆಮ್ಯಾಲ ನಾ ಸೊಸ್ಯಾಗಿ ಬಂದ್ನಿ, ಅತ್ತಿ ಕುಂತಲ್ಲೇ ಕುಂತ್ನಿ. ನನ್ನ ತವರುಮನಿ ಹಮ್ಮಿಗಿ, ಹೊಳಿ ದಂಡಿ ಊರು. ಅಲ್ಲಿ ನಾವು ಅಪ್ಪನ ಬಾಜೂಕ ಕುಂತು ಉಂಡವರು, ಆ ದಂಡಿಂದ ಈ ದಂಡಿಗೆ ಒದರಿ ಮಾತಾಡಿದವರು. ಇಲ್ಲಿ ಬಂದ ಮ್ಯಾಲ ಬಾಯಿ ಹಂಗ ಉಳೀತು, ಕುಂಡ್ರೂ ಜಾಗಾ ಮಾತ್ರ ಬದಲಾತು.

ಅತ್ತಿ, ಸೊಸಿ ನಾವಿಬ್ರೂ ಟೀವಿ ನೋಡಿದ್ದೆಲ್ಲಾ ಅಡಗಿಮನಿ ಬಾಗಲದಿಂದನ. ಸಂಜಿಕೆ ಅತ್ತಿಯವರು ಬಾಗಲ ಹಂತೇಕ ಕುಂತು ರೊಟ್ಟಿ ಬಡಿಯೋರು, ನಾ ಎದುರಿಗೆ ಕುಂತು ಬೇಯಿಸಾಕಿ. ಟೀವಿ ಪಡಸಾಲ್ಯಾಗ ಒಂದು ಸ್ಟೂಲಿನ ಮ್ಯಾಲ, ಮಾವಾರ ಬಾಕಿಗೆ ನೆಟ್ಟಗ ಇತ್ತು. ನಮಗ ಕಾಣೋದು ಅದರ ಕಪಾಳ ಅಷ್ಟ. ಅದಕ್ಕ ಅತ್ತಿಯವರು ದಿನಾ ಧಾರಾವಾಹಿಗಿಂತ ಮೊದಲ, ಕಸಾ ಹೊಡ್ಯಾಕ ಬಂದವರಂಗ ಹೊರಗ ಬಂದು, ಟೀವಿ ಮಾರಿ ಒಂದಿಷ್ಟು ನಮ್ಮ ಕಡೆ ತಿರುವಿ ಹೋಗೋರು. ಸುದ್ದಿ ಹೊತ್ತಿಗೆ ಮಾವಾರು ಎದ್ದು ತಮ್ಮ ಕಡೆ ತಿರುವಿಕೊಳ್ಳೋರು. ಈ ವಿಷಯಕ್ಕ ಗಂಡ ಹೆಂಡತಿ ಒಂದರ ಮಾತು ಆಡಿದ್ದು ನಾ ಕೇಳಿಲ್ಲ. ಆ ಟೀವಿ ಮನಶಾ ಆಗಿದ್ರ ಕುತಗಿ ಉಳುಕಿ ದವಾಖಾನಿಗೆ ಹೋಗಬೇಕಾಗತಿತ್ತು.

ಗ್ವಾಡಿಗೆ ಹಚ್ಚೋ ಟೀವಿ ತರೋದು ಅಂತ ಠರಾವು ಆತು. ಮರುದಿನ ಅತ್ತಿಯವರು ನನ್ನ ಒಳಗ ಕರದು ಸಣ್ಣ ದನೀಲೆ ಕೇಳಿದ್ರು, "ಗ್ವಾಡಿಗೆ ಹಚ್ಚಿದ್ರ ತಿರುವಾಕ ಬರತೈತೇನವಾ?"

"ಬರೂದಿಲ್ಲತ್ತಿ" ಅಂದ್ನಿ.

ಅವರು ಹಿಟ್ಟು ನಾದಾಕ ಹತ್ತಿದ್ರು. ಅವರಿಗೆ ತಿರುಗ್ಯಾಟ ಇಲ್ಲ, ಊರ ಉಸಾಬರಿ ಇಲ್ಲ. ಮೊಣಕಾಲ ನೋವು ಹತ್ತಿದ ಮ್ಯಾಲ ಓಣಿ ದಾಟೋದೂ ಬಿಟ್ಟಾರ. ಇಡೀ ದಿನದಾಗ ನಂದು ಅಂತ ಅವರು ಇಟಗೊಂಡದ್ದು ಆ ಒಂದು ತಾಸು. ಅದನ್ನೂ ಗ್ವಾಡಿ ನುಂಗಿತಂದ್ರ ಹೆಂಗ? ನನಗ ಸಂಕಟ ಆತು, ಹಿಂದ ಸಿಟ್ಟೂ ಬಂತು. "ನೀವು ಕಾಳಜಿ ಮಾಡಬ್ಯಾಡ್ರಿ ಅತ್ತಿ. ಕಪಾಳದ ಕಡಿಂದ ನೋಡಿದ್ರೂ ಚಂದ ಕಾಣೋ ಟೀವಿ ತರತೀನಿ" ಅಂತ ಅಂದುಬಿಟ್ನಿ. ಅಂಥಾದ್ದೊಂದು ಜಗತ್ತಿನ್ಯಾಗ ಐತೋ ಇಲ್ಲೋ, ಆ ಶಿವನಿಗೆ ಗೊತ್ತು.

ಮಾವಾರು, ನಮ್ಮ ಮನಿಯವರು ಇಬ್ರ ಹೋಗೋ ವಿಚಾರ ಮಾಡಿದ್ರು. ನಾನೂ ಸೀರಿ ಉಟ್ಟು ತಯಾರಾದ್ನಿ. "ನೀ ಯಾಕ?" ಅಂದ್ರು ನಮ್ಮ ಮನಿಯವರು. "ನನ್ನ ಸೀರಿ ಆರಸಾಕ ನೀವು ಬಂದು ಕುಂಡ್ರತೀರಲ್ಲ, ನೀವೇನು ಉಡತೀರಿ?" ಅಂದ್ನಿ. ಆಮ್ಯಾಲ ಬಸ್‍ಸ್ಟ್ಯಾಂಡ್ ತನಕ ಅವರು ನನಗಿಂತ ಹತ್ತು ಹೆಜ್ಜಿ ಮುಂದನ ನಡದ್ರು.

ಮೊದಲ ಲಕ್ಷ್ಮೇಶ್ವರದಾಗ ನೋಡಿದ್ವಿ. ಅಂಗಡಿ ಅಂದ್ರ ಒಂದು ಓಣಿಯಂಗ ಇತ್ತು. ಎರಡೂ ಕಡೆ ಫ್ಯಾನು, ಮಿಕ್ಸಿ, ಕುಕ್ಕರಿನ ಡಬ್ಬಿ, ಕಡೀಕ ಟೀವಿ. ನಾ ಬಾಜೂಕ ಸರದು ನೋಡಬೇಕಂದ್ರ ಮಿಕ್ಸಿ ಡಬ್ಬಿ ಮ್ಯಾಲ ಹತ್ತಬೇಕು. "ಇಲ್ಲಿ ಬ್ಯಾಡ" ಅಂದ್ನಿ. ಯಾಕ ಅಂತ ಇಬ್ರೂ ಕೇಳಿದ್ರು. "ಮನಸಿಗೆ ಬರಲಿಲ್ಲ" ಅಂತ ಅಡ್ಡಗ್ವಾಡಿ ಮ್ಯಾಲ ದೀಪ ಇಟ್ಟಂಗ ಹೇಳಿ, ಇಬ್ಬರನ್ನೂ ಗದಗ ಬಸ್ಸಿಗೆ ಹತ್ತಿಸಿದ್ನಿ.

ಗದಗಿನ ಅಂಗಡಿ ದೊಡ್ಡದು. ಗಾಜಿನ ಬಾಗಲಾ, ಒಳಗ ಹೋದ್ರ ಮಾಗಿ ಥಂಡಿ. ಗ್ವಾಡಿ ತುಂಬ ಟೀವಿ, ಎಲ್ಲಾದ್ರಾಗೂ ಒಂದ ಗಿಳಿ ಹಾರಾಕತ್ತಿತ್ತು. ನಡುವ ಒಂದು ಮೆತ್ತನ್ನ ಸೋಫಾ. ಮಾವಾರು ಅದರಾಗ ಕುಂತವರು ಎಲ್ಲಾಕಿಂತ ದೊಡ್ಡ ಟೀವಿ ನೋಡಿ, "ಮುಗೀತು, ಇದನ್ನ ಕಟ್ಟರಿ" ಅಂದ್ರು. ಖರೇ ಹೇಳಬೇಕಂದ್ರ ಅದು ಭಾಳ ಚಂದಿತ್ತು. ಗಿಳಿ ಕೊಕ್ಕು ಮುಟ್ಟಿದ್ರ ಕಚ್ಚತೈತೇನೋ ಅನಸೂವಂಗಿತ್ತು.

ನಾ ಮಾತ್ರ ಮೂಲಿಗೆ ಹೋದ್ನಿ. ನಮ್ಮ ಅಡಗಿಮನಿ ಬಾಗಲಾ ಎಲ್ಲಿ ಬರತೈತಿ ಅಂತ ಅಂದಾಜು ಮಾಡಿ, ಸೆರಗು ಸರಿ ಮಾಡಿಕೊಂಡು, ಅಲ್ಲೇ ತುದಿಗಾಲಮ್ಯಾಲ ಕುಂತ್ನಿ. ರೊಟ್ಟಿ ಬೇಯಿಸಾಗ ಹೆಂಗ ಕುಂಡ್ರತೀನಿ, ಹಂಗನ.

ಅಂಗಡ್ಯಾಂವ ಓಡಿ ಬಂದ. "ಅಕ್ಕಾರ, ಏನರ ಕೆಳಗ ಬಿತ್ತೇನ್ರಿ?"

"ಏನೂ ಬಿದ್ದಿಲ್ಲಪಾ. ಟೀವಿ ನೋಡಾಕತ್ತೀನಿ."

"ಮುಂದ ಬಂದು ಕುಂಡ್ರಿ, ಅಲ್ಲಿಂದ ಬರೋಬ್ಬರಿ ಕಾಣಂಗಿಲ್ರಿ."

"ಮನ್ಯಾಗ ನಾವು ಮುಂದ ಕುಂಡ್ರೂದಿಲ್ಲ. ಇಲ್ಲೇ ಕುಂಡ್ರತೀವಿ. ಇಲ್ಲಿಂದ ಕಾಣೋದು ತೋರಸು."

ನಮ್ಮ ಮನಿಯವರು, "ಏಳ ಮಾರಾಯ್ತಿ" ಅಂತ ಹಲ್ಲು ಕಡದ್ರು. ನಾ ಏಳಲಿಲ್ಲ. ಮಾವಾರು ಮೆಚ್ಚಿದ ಆ ದೊಡ್ಡ ಟೀವಿ ಇಲ್ಲಿಂದ ನೋಡಿದ್ರ ಗಿಳಿ ಹಸರು ಎಲ್ಲಾ ಹೋಗಿ, ಬೂದಿ ಬಡಕೊಂಡ ಕಾಗಿ ಆಗಿತ್ತು. "ನಿಮ್ಮ ಗಿಳಿ ಇಲ್ಲಿಗೆ ಬರೂದ್ರಾಗ ಸತ್ತೈತಿ ನೋಡ್ರಿ" ಅಂದ್ನಿ.

ಮಾವಾರಿಗೆ ಸಿಟ್ಟು ಬಂತು. "ಮೂಲ್ಯಾಗ ಕುಂತು ಯಾರು ನೋಡತಾರವಾ ಟೀವಿ?"

"ನಾನು ನೋಡತೀನ್ರಿ ಮಾವಾರ. ಅತ್ತಿಯವರು ನೋಡತಾರ."

ಮಾವಾರ ಎದುರಿಗೆ ನಾ ಎಂದೂ ಹಿಂಗ ಮಾತಾಡಿದಾಕಿ ಅಲ್ಲ. ಅವರು ಧೋತರ ಎತ್ತಿ ಹಿಡಕೊಂಡು ಎದ್ದು, ಮೆಲ್ಲಕ ನನ್ನ ಮೂಲಿಗೆ ಬಂದ್ರು. ಬಗ್ಗಿ ಒಂದು ಕಣ್ಣು ಮುಚ್ಚಿ ನೋಡಿದ್ರು, ಇನ್ನೊಂದು ಮುಚ್ಚಿ ನೋಡಿದ್ರು.

"ಹೌದಲಾ, ಬೂದಿ ಆಗೈತಿ" ಅಂದ್ರು. ಆಮ್ಯಾಲ ಅಂಗಡ್ಯಾಂವನ ಕಡೆ ತಿರುಗಿ, "ಏ ತಮ್ಮಾ, ಎತ್ತಾಗಿಂದ ನೋಡಿದ್ರೂ ಒಂದ ನಮೂನಿ ಕಾಣೋದು ಯಾವುದೈತಿ, ಅದನ್ನ ತಗಿ" ಅಂದ್ರು.

ಅಂಥಾದ್ದು ಇತ್ತು! ದೊಡ್ಡದರಕಿಂತ ಒಂದು ಗೇಣು ಸಣ್ಣದು, ಆದ್ರ ನನ್ನ ಮೂಲಿಗೂ ಗಿಳಿ ಹಸರಾಗೇ ಹಾರಿ ಬಂತು. ವಾಪಸ್ ಬರೋವಾಗ ಬಸ್ಸಿನ್ಯಾಗ ನಾ ಕಿಟಕಿ ಹಂತೇಕ ಕುಂತು, ಕುಸ್ತಿ ಗೆದ್ದ ಪೈಲವಾನನಂಗ ಹೊರಗ ನೋಡಕೋತ ಬಂದ್ನಿ. ಮನಿಗೆ ಬಂದು ಹೇಳಿದ್ರ ಅತ್ತಿಯವರು ನನ್ನ ಗದ್ದ ಹಿಡದು, "ಶಾಣ್ಯಾಕಿ ಅದಿ ಬಿಡು" ಅಂದ್ರು.

ಟೀವಿ ಮನಿಗೆ ಬಂತು, ಮರುದಿನ ಅದನ್ನ ಗ್ವಾಡಿಗೆ ಹಚ್ಚಾಂವನೂ ಬಂದ. ಅತ್ತಿಯವರು ಟೀವಿಗೆ ಆರತಿ ಮಾಡಿ, ಕುಂಕುಮ ಹಚ್ಚಾಕ ಹ್ವಾದ್ರು. "ಗಾಜಿಗೆ ಹಚ್ಚಬ್ಯಾಡ, ಗಾಜಿಗೆ ಹಚ್ಚಬ್ಯಾಡ" ಅಂತ ಮಾವಾರು ಒದರಿದ್ರು. ಕಡೀಕ ಅಂಚಿಗೆ ಒಂದು ಬೊಟ್ಟು ಬಿತ್ತು. "ಚಾ ತಗೊಂಡು ಬಾ" ಅಂದ್ರು ನಮ್ಮ ಮನಿಯವರು. ನಾ ಒಳಗ ಹೋದ್ನಿ. ನಮ್ಮ ಮನ್ಯಾಗ ದೊಡ್ಡ ಮಾತೆಲ್ಲಾ ಇತ್ಯರ್ಥ ಆಗೋದು ನಾ ಚಾ ಮಾಡಾಕ ಹೋದಾಗನ. ಇದು ನನಗ ಗೊತ್ತಿದ್ದ ಸಂಗತಿ, ಆದ್ರೂ ಹೋದ್ನಿ ನೋಡ್ರಿ.

ಹೊರಗ ತೂತು ಹಾಕೋ ಮಶೀನ್ ಗರ್ರ್ ಅಂತು. ಸ್ವಲ್ಪ ಹೊತ್ತು ನಿಂತಿತು, ಏನೋ ಮಾತುಕತಿ ಆತು. ಮತ್ತ ಗರ್ರ್ ಅಂದಾಗ ನನ್ನ ಕಿವಿ ಹಂತೇಕನ ಅಂದಂಗಾತು. ಒಲಿ ಹಿಂದಿನ ಗ್ವಾಡಿಯಿಂದ ಸಿಮೆಂಟಿನ ಚಕ್ಕಿ ಉದರಿ ನನ್ನ ಕುದಿಯೋ ಚಾದಾಗ ಬಿತ್ತು. ನಾ ಸೌಟು ಹಿಡಕೊಂಡ ಹೊರಗ ಓಡಿದ್ನಿ. ಟೀವಿ ಎಲ್ಲಿ ಹಚ್ಚಾಕತ್ತಿದ್ರಂದ್ರ, ಪಡಸಾಲಿಗೂ ಅಡಗಿಮನಿಗೂ ನಡುವಿನ ಗ್ವಾಡಿಗೆ! ಬಾಗಲಕ್ಕ ಹತ್ತೇ, ಮಾರಿ ಬೀದಿ ಕಡೆ, ಬೆನ್ನು ನಮ್ಮ ಕಡೆ. ಅಡಗಿಮನ್ಯಾಗ ಕುಂತವರಿಗೆ ಕಪಾಳೂ ಇಲ್ಲ, ಕಿವಿನೂ ಇಲ್ಲ.

"ಮಣ್ಣಿನ ಗ್ವಾಡಿ ತಡಿಯಂಗಿಲ್ರಿ ಅಕ್ಕಾರ" ಅಂದ ಹಚ್ಚಾಂವ. "ಆ ಕಡೆ ತೂತು ಹಾಕಿದ್ರ ಬರೇ ಹುಡಿ ಸುರಿಯಾಕತ್ತಿತು. ಮನ್ಯಾಗ ಇದೊಂದ ಇಟ್ಟಂಗಿ ಗ್ವಾಡಿ."

ಹೌದು, ಮಳಿಗೆ ಬಿದ್ದ ಗ್ವಾಡಿ ಅದು, ಆಮ್ಯಾಲ ಇಟ್ಟಂಗೀಲೆ ಕಟ್ಟಿಸಿದ್ದು. ಆದ್ರ ನನಗ ಅದೆಲ್ಲಾ ಯಾಕ ಬೇಕಾಗೈತಿ? "ತಗೀರಿ ಅದನ್ನ! ಟೇಬಲ್ ತಂದು ಇಡ್ರಿ! ಊರೂರು ತಿರುಗಿ, ಮೂಲ್ಯಾಗ ಕುಂತು, ಕಂಡವರ ಕಡಿಂದ ನಗಿಸಿಕೊಂಡು ತಂದದ್ದು ಇದಕ್ಕೇನು?" ಅಂತ ಸೌಟು ಝಾಡಿಸಿದ್ನಿ. ನಮ್ಮ ಮನಿಯವರ ಅಂಗಿ ಮ್ಯಾಲ ಚಾ ಸಿಡೀತು. ಮಾವಾರು ನೆಲ ನೋಡಿಕೋತ, "ಆಗಲೇ ತೂತು ಬಿದ್ದಾವವಾ" ಅಂದ್ರು. ಅತ್ತಿಯವರು ಹಿಂದಿಂದ ಬಂದು ನನ್ನ ಕೈಯಾಗಿನ ಸೌಟು ಇಸಗೊಂಡ್ರು. "ಇರಲಿ ಬಿಡವಾ, ಮಾತು ಕೇಳಸತಾವಲ್ಲ. ರೇಡಿಯೋ ಅಂತ ತಿಳಕೋತೀನಿ" ಅಂದ್ರು. ಅವರು ನಕ್ಕೋತನ ಅಂದ್ರು. ನನಗ ಮಾತ್ರ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಂಗಾತು.

ಅವತ್ತ ಸಂಜಿಕೆ ಮಾವಾರ ಬಾಕು ಎದುರಿನ ಗ್ವಾಡಿಗೆ, ಬೀದಿ ಬಾಗಲ ಹಂತೇಕ ಹೋಗಿತ್ತು. ಅಲ್ಲೇ ಅವರೊಬ್ರ ಕುಂತಿದ್ರು. ನಮ್ಮ ಮನಿಯವರು ಹೊಲಕ್ಕ ಹೋಗಿದ್ರು, ಅಂಗಿ ಬದಲಿ ಮಾಡಿಕೊಂಡು. ಧಾರಾವಾಹಿ ಸುರು ಆತು. ಒಳಗ ಅತ್ತಿಯವರು ರೊಟ್ಟಿ ಬಡಿಯೋ ಕೈ ಹಗುರ ಮಾಡಿ ಗ್ವಾಡಿಗೆ ಕಿವಿ ಕೊಟ್ಟರು. ಯಾರೋ ಜೋರ ಅಳಾಕ ಹತ್ತಿದ್ರು.

"ಯಾರದು ಅಳಾಕತ್ತದ್ದು?" ಅಂತ ಅತ್ತಿ ನನ್ನ ಕೇಳಿದ್ರು. ನಾ ಎದ್ದು ಹೊರಗ ಹಣಿಕಿ ಹಾಕಿ ಬರೂದ್ರಾಗ ರೊಟ್ಟಿ ಹೊತ್ತಿತು. ಅಷ್ಟರಾಗ ಪಡಸಾಲಿಂದ ಮಾವಾರ ದನಿ ಬಂತು.

"ಆ ಹುಡುಗಿ ಅಳಾಕತ್ತೈತಿ."

ನಾವಿಬ್ರೂ ಮಾರಿ ಮಾರಿ ನೋಡಿಕೊಂಡ್ವಿ. ಧಾರಾವಾಹಿ ಅಂದ್ರ ಮೂಗು ಮುರಿಯೋ ಮನಶಾ ಅವರು.

"ಯಾ ಹುಡುಗಿ?" ಅಂದ್ರು ಅತ್ತಿ, ಗ್ವಾಡಿ ಕಡೆ ನೋಡಿ.

"ಅದ, ಕೆಂಪು ಸೀರೀದು."

"ಅಯ್ಯ, ಅದು ಹುಡುಗಿ ಅಲ್ರೀ, ಅಕಿ ಅತ್ತಿ!"

"ಅತ್ತ್ಯಾಗಿ ಹಿಂಗ್ಯಾಕ ಅಳತಾಳ?"

"ನಾಟಕ ಮಾಡಾಕತ್ತಾಳ, ಅಕೀದು ದಿನಾ ಇದ. ಬಾಜೂಕ ಗಡ್ಡದಾಂವ ಒಬ್ಬ ನಿಂತಾನೇನು ನೋಡ್ರಿ."

"ಗಡ್ಡದವರು ಇಬ್ರು ಅದಾರ."

"ಕರಿ ಅಂಗಿಯಾಂವ?"

"ಇಬ್ರದೂ ಕರಿ ಅಂಗಿ."

ಅತ್ತಿಯವರಿಗೆ ತಡಕೊಳ್ಳಾಕ ಆಗಲಿಲ್ಲ. "ಇವರ ಕೈಯಾಗ ಸಿಕ್ಕರ ಕಥಿ ಕೆಟ್ಟು ಕೆರ ಹಿಡೀತೈತಿ" ಅಂತ ಗೊಣಗಿಕೋತ, ಮೊಣಕಾಲ ಮ್ಯಾಲ ಕೈ ಊರಿ ಎದ್ದು, ಹಿಟ್ಟಿನ ಕೈಲೇ ಹೊರಗ ಹ್ವಾದ್ರು. ನಾ ಬಾಗಲದಾಗ ನಿಂತ್ನಿ. ಟೀವಿ ನನಗ ಕಾಣತಿದ್ದಿಲ್ಲ, ಅವರಿಬ್ರು ಕಾಣತಿದ್ರು. ಅತ್ತಿಯವರು ಬಾಕಿನ ಹಂತೇಕ ಹೋಗಿ, ತಿರುಗಿ ನಿಂತು ಟೀವಿ ನೋಡಿದ್ರು. ಅವರ ಮಾರಿ ತುಂಬ ಬೆಳಕು ಬಿತ್ತು. ಇಷ್ಟು ವರ್ಷ ಎದುರಿಗೆ ಕುಂತ್ರೂ ನನ್ನ ಕಣ್ಣು ಟೀವಿ ಮ್ಯಾಲನ, ಧಾರಾವಾಹಿ ನೋಡೂವಾಗ ಅವರ ಮಾರಿ ಹೆಂಗಿರತೈತಿ ಅಂತ ನಾ ನೋಡಿದ್ದಿಲ್ಲ. ಸಣ್ಣ ಹುಡುಗಿಯಂಗ ಬಾಯಿ ತಗದು ನಿಂತಿದ್ರು. ನನಗ ಕಣ್ಣಾಗ ನೀರು ಬಂತು, ಖರೇನ ಹೇಳತೀನಿ.

ಮಾವಾರು ಬಾಕಿನ ಮ್ಯಾಲ ಒಂದು ಕಡೆ ಸರದು, ಖಾಲಿ ಜಾಗಾ ಕೈಲೆ ಝಾಡಿಸಿದ್ರು. ಅತ್ತಿಯವರು ಅದನ್ನ ನೋಡಿದ್ರು, ಆಮ್ಯಾಲ ಬಾಜೂಕ ತಗದಿದ್ದ ಬೀದಿ ಬಾಗಲಾ ನೋಡಿದ್ರು.

"ಹೋಗೋ ಬರೋ ಮಂದಿ ಏನಂದಾರು?"

ಮಾವಾರು ಟೀವಿ ಮ್ಯಾಲಿನ ಕಣ್ಣು ತಗೀಲಿಲ್ಲ. "ಮಂದಿಗೆ ಅವರವರ ಮನ್ಯಾಗ ಟೀವಿ ಐತಿ. ನೀ ಕುಂಡ್ರು, ಇದರಾಗ ನಿನ್ನ ಗಡ್ಡದಾಂವ ಯಾವಾಂವ ಹೇಳು."

ಅತ್ತಿಯವರು ಕುಂತ್ರು. ನಾನೂ ಒಲಿ ಆರಿಸಿ ಪಡಸಾಲಿಗೆ ಬಂದ್ನಿ.