ರೇಣುಕಾಳ ಹಾಜರಿ

ಮಕ್ಕಳೇ, ಇದು ನಿಜವಾಗಿ ನಡೆದದ್ದು. ಕಥೆ ಕಟ್ಟುವಷ್ಟು ಓದು ನನಗಿಲ್ಲ, ಹಳ್ಳಿಯ ಶಾಲೆಯಲ್ಲಿ ಏಳನೆಯ ತರಗತಿಗೆ ನಿಂತವಳು ನಾನು. ಎದುರಿಗೆ ಕೂತು ಹೇಳಲು ನಾಚಿಕೆ. ಅದಕ್ಕೇ ಬರೆದಿಡುತ್ತಿದ್ದೇನೆ.

ನಿಮ್ಮ ಅಜ್ಜ ತೀರಿಕೊಂಡ ಮೇಲೆ ಕಲಬುರಗಿಯ ಒಂದು ಕಾಲೇಜಿನಲ್ಲಿ, ಹುಡುಗಿಯರ ಹಾಸ್ಟೆಲಿಗೆ ಆಯಾ ಆಗಿ ಸೇರಿದೆ. ರಾತ್ರಿ ಎಂಟಕ್ಕೆ ಕೆಳಗಿನ ದೊಡ್ಡ ಹಾಲ್‌ನಲ್ಲಿ ಹಾಜರಿ. ಅದು ವಾರ್ಡನ್ ಮೇಡಂ ಕೆಲಸ. ಅವರು ಆರಕ್ಕೇ ಮನೆಗೆ ಹೋಗುತ್ತಿದ್ದರು, ರಿಜಿಸ್ಟರ್ ನನ್ನ ಕೈಗೆ.

ಅಷ್ಟು ಓದಿದ ಹುಡುಗಿಯರ ಮುಖ ನೋಡಲು ನನಗೆ ಸಂಕೋಚ. ತಲೆ ತಗ್ಗಿಸಿ ಹೆಸರು ಕೂಗುತ್ತಿದ್ದೆ, "ಹಾಜರ್ ರೀ" ಎಂದರೆ ಗುರುತು ಹಾಕುತ್ತಿದ್ದೆ.

"ಆಯಾ ನಮ್ದಲ್ಲ, ನೆಲದ ಹಾಜರಿ ತಗೋತಾಳ ನೋಡ್ರೇ!" ಎಂದು ಹುಡುಗಿಯರು ಕಿಸಕ್ಕೆನ್ನುತ್ತಿದ್ದರು. ಕೇಳಿಸದವಳಂತೆ ಮುಂದಿನ ಹೆಸರು ಕೂಗುತ್ತಿದ್ದೆ.

ಒಂದು ಗುರುವಾರ ಸಂಜೆ ರೇಣುಕಾಳ ಅಪ್ಪ ಬಂದರು. ಕಮಲಾಪುರದಲ್ಲಿ ಟೇಲರ್. ಕೈಯಲ್ಲಿ ಕೆಂಪು ಬಾಳೆಹಣ್ಣಿನ ಚಿಪ್ಪು, ಹಣ್ಣಾದ ವಾಸನೆ ಬಾಗಿಲ ತುಂಬ.

"ಮಗಳನ್ನ ಕರೀರಿ ಅಕ್ಕಾರ. ಮೂರು ದಿನ ಆತು, ಫೋನ್ ಹತ್ತವಲ್ದು."

ಮೇಲೆ ಹೋದೆ. ರೇಣುಕಾಳ ಮಂಚ ಖಾಲಿ. ಪಕ್ಕದ ಮಂಚದ ನಸ್ರೀನ್ ನನ್ನನ್ನು ಕಂಡದ್ದೇ ಎದ್ದು ನಿಂತಳು.

"ಬೈಬ್ಯಾಡ್ರಿ ಅಮ್ಮಾ... ಅಕಿ ಸೋಮವಾರನೇ ಊರಿಗೆ ಅಂತ ಹೋಗ್ಯಾಳ. ಅವತ್ತೊಂದಿನ ಅಕಿ ಹಾಜರಿ ನಾ ಹೇಳೀನಿ."

"ಮಂಗಳವಾರ? ಬುಧವಾರ?"

"ಖುದಾ ಕಸಮ್, ನಾ ಹೇಳಿಲ್ಲ. ಅಕಿ ದನೀನೇ ಕೇಳ್ತು. ತಿರುಗಿ ಬಂದು ಬ್ಯಾರೆ ರೂಮಿನ್ಯಾಗ ಮಲಗ್ಯಾಳ ಅಂತ ತಿಳಕೊಂಡೆ..."

ಮೂರು ದಿನವೂ ಗುರುತು ಹಾಕಿದ ಕೈ ನನ್ನದೇ.

ಕೆಳಗೆ ಬಂದು, ಮುಖ ನೋಡದೆ ಗುರುತು ಹಾಕಿದ್ದನ್ನೂ ಹೇಳಿದಾಗ ಆ ಮನುಷ್ಯ ನಂಬಲಿಲ್ಲ. "ಊರಿಗೆ ಬಂದೇ ಇಲ್ಲಲ್ರಿ ಅಕಿ! ನಿನ್ನಿ ಮೇಡಂಗ ಫೋನ್ ಮಾಡಿದ್ದೆ. ರಿಜಿಸ್ಟರ್ ನೋಡಿ, ದಿನಾ ಹಾಜರ್ ಅದಾಳ, ಸುಮ್ನಿರ್ರಿ ಅಂದ್ರು. ಸುಮ್ನಿದ್ದೆ..."

ಮೇಡಂ ಓಡಿ ಬಂದರು, ಪೊಲೀಸರಿಗೆ ಫೋನಾಯಿತು. ಅಷ್ಟರಲ್ಲಿ ಎಂಟು. "ತಪ್ಪು ನಿಂದು. ನೀನೇ ಹಾಜರಿ ತಗೋ, ಎಲ್ಲಾರೂ ಅದಾರೋ ಇಲ್ಲೋ ನೋಡು," ಎಂದರು ಮೇಡಂ.

ಅವತ್ತು ಮೊದಲ ಸಲ ತಲೆ ಎತ್ತಿದೆ. ಒಂದೊಂದೇ ಮುಖ ನೋಡಿ ಹೆಸರು ಕೂಗಿದೆ. ರೇಣುಕಾಳ ಹೆಸರಿನ ಮೇಲೆ ಬೆರಳಿಟ್ಟು ನಿಂತೆ. ಕೂಗಲಿಲ್ಲ. ಟ್ಯೂಬ್‌ಲೈಟಿನ ಗುಂಯ್ ಎನ್ನುವ ಸದ್ದು, ಅಡುಗೆ ಮನೆಯಿಂದ ಸೀದ ಬೇಳೆಯ ವಾಸನೆ...

"ಹಾಜರ್ ರೀ."

ಸಣ್ಣ ದನಿ. ಸಾಲಿನ ಕೊನೆಯಿಂದ. ಅಲ್ಲಿ ಯಾರೂ ಇರಲಿಲ್ಲ, ಗೋಡೆ ಇತ್ತು. ಯಾವ ಹುಡುಗಿಯ ತುಟಿಯೂ ಅಲುಗಲಿಲ್ಲ. ನಾನು ನೋಡುತ್ತಲೇ ಇದ್ದೆ.

"ರೇಣೂ!" ಬಾಗಿಲಲ್ಲಿ ನಿಂತಿದ್ದ ಅವಳ ಅಪ್ಪ ಗೋಡೆಯ ಬಳಿ ಓಡಿದರು. ಎರಡೂ ಅಂಗೈಯಿಂದ ಸುಣ್ಣ ತಡವಿದರು. ಬಹಳ ಹೊತ್ತು. ಆಮೇಲೆ ನನ್ನ ಕಡೆ ತಿರುಗಿದರು.

"ಸೋಮವಾರನೇ ಹಿಂಗ ತಲಿ ಎತ್ತಿದ್ರ, ನಿಮ್ದೇನು ಹೋಗ್ತಿತ್ರಿ ಅಕ್ಕಾರ?"

ರೇಣುಕಾ ಸಿಗಲಿಲ್ಲ. ನಾನು, ನಸ್ರೀನ್ ಎಷ್ಟು ಹೇಳಿದರೂ ಕೇಳದೆ, ಬುಧವಾರ ರಾತ್ರಿಯವರೆಗೂ ಇಲ್ಲೇ ಇದ್ದಳೆಂದು ರಿಜಿಸ್ಟರ್ ಹೇಳುತ್ತದಲ್ಲ, ಎಂದು ಪೊಲೀಸರು ಗುರುವಾರದಿಂದ ಹುಡುಕಿದರು. ಸೋಮವಾರದ ಬಸ್ಸುಗಳನ್ನು ವಿಚಾರಿಸುವ ಹೊತ್ತಿಗೆ ಯಾವ ಕಂಡಕ್ಟರಿಗೂ ನೆನಪಿರಲಿಲ್ಲ. ಮೇಡಂ ಅವಳ ಹೆಸರಿನ ಮೇಲೆ ಕೆಂಪು ಗೆರೆ ಎಳೆದರು. ಗೆರೆ ಎಳೆದ ಹೆಸರು ಕೂಗಬಾರದೆಂಬುದು ಕಾಲೇಜಿನ ನಿಯಮ.

ಅವಳ ಅಪ್ಪ ಮಾತ್ರ ವಾರಕ್ಕೊಮ್ಮೆ ಅಂಗಡಿ ಮುಚ್ಚಿ ಬಂದು, ಎಂಟಕ್ಕೆ ಹಾಲಿನ ಕಿಟಕಿಯ ಹೊರಗೆ ನಿಲ್ಲುತ್ತಿದ್ದರು. ದನಿ ಮತ್ತೆ ಬರಲಿಲ್ಲ. ಒಂದು ರಾತ್ರಿ ಕಿಟಕಿಯ ಸರಳು ಹಿಡಿದು ಪಿಸುಗುಟ್ಟಿದರು, "ಒಮ್ಮೆ ಹೆಸರು ಕೂಗ್ರಿ ಅಕ್ಕಾರ... ಒಂದೇ ಒಂದು ಸಲ."

ಈಗ ಹಾಜರಿ ಮುಗಿಯುವವರೆಗೂ ಉಳಿಯುತ್ತಿದ್ದ ಮೇಡಂ ಬಾಗಿಲಲ್ಲೇ ಇದ್ದರು. ನಾನು ಮುಂದಿನ ಹೆಸರು ಕೂಗಿದೆ.

ಉತ್ತರ ಬಂದೀತೆಂದು ಹೆದರಿದೆನೋ, ಬಾರದೆ ಹೋದೀತೆಂದೋ... ಇವತ್ತಿಗೂ ಗೊತ್ತಿಲ್ಲ. ರೇಣುಕಾಳ ಅಪ್ಪ ಮತ್ತೆ ಬರಲಿಲ್ಲ.